ಮ್ಯಾಟಿನ ಕೆಳಗಿನ ಡಾಂಬರು

ಅಪ್ಪನ 1985ರ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಡ್ರೈವರ್ ಕಾಲಡಿಯ ಮ್ಯಾಟು ಪ್ರತಿ ಮಳೆಗಾಲವೂ ಒದ್ದೆಯಾಗುತ್ತಿತ್ತು. ಉಡುಪಿಯ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಬಿಸಿಲು ಬಂದಾಗ ಒಣಗಿಸಿ ಮತ್ತೆ ಹಾಸುತ್ತಿದ್ದೆ, ಅಷ್ಟೆ. ಕಳೆದ ಡಿಸೆಂಬರಿನಲ್ಲಿ ಕ್ಲಚ್ ತುಳಿಯುವಾಗ ಹಿಮ್ಮಡಿಯ ಕೆಳಗೆ ನೆಲ ಬಗ್ಗಿದ ಹಾಗಾಯಿತು. ಅವತ್ತೇ ಟಿಂಕರಿಂಗ್ ಶೆಡ್ಡಿಗೆ ಒಯ್ದೆ.

ಶೆಡ್ಡಿನ ಅಣ್ಣ ಸೀಟು ಬಿಚ್ಚಿ, ಮ್ಯಾಟು ಸುತ್ತಿಟ್ಟು, ಸ್ಕ್ರೂಡ್ರೈವರ್ ತುದಿಯಿಂದ ನೆಲ ತಟ್ಟುತ್ತಾ ಹೋದರು. ಠಣ್ ಠಣ್ ಎನ್ನುತ್ತಿದ್ದ ಸದ್ದು ಪೆಡಲಿನ ಹತ್ತಿರ ಬೊದ್ ಎಂದಿತು. ಸ್ವಲ್ಪ ಒತ್ತಿದರು, ಸ್ಕ್ರೂಡ್ರೈವರ್ ಹಿಡಿಯ ತನಕ ಇಳಿಯಿತು.

"ಇಲ್ಲಿ ತಗಡೇ ಇಲ್ಲ ಮಾರಾಯ್ರೆ, ಬರೀ ಡಾಂಬರು ಉಂಟು."

ಹಿಂದೆ ಒಂದು ಗ್ಯಾರೇಜಿನವರು ತುಕ್ಕು ಕೆರೆಯದೆ ಅದರ ಮೇಲೆಯೇ ಡಾಂಬರು ಬಳಿದು ಕೊಟ್ಟಿದ್ದರು. ಅಡಿಯಲ್ಲಿ ಸಿಕ್ಕಿಬಿದ್ದ ನೀರು ಒಣಗಲು ದಾರಿಯಿಲ್ಲದೆ ತಗಡನ್ನು ತಿಂದು ಮುಗಿಸಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಪದ್ಮಿನಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ನೆಲ, ಬಾಗಿಲಡಿಯ ಪಟ್ಟಿ, ಕಂಬ ಎಲ್ಲ ಸೇರಿಯೇ ಗಾಡಿಯ ಭಾರ ಹೊರಬೇಕು. ಸೀಟಿನ ಬೋಲ್ಟು ಕೂರುವುದೂ ಆ ನೆಲದ ಮೇಲೆಯೇ. ಅದರಲ್ಲಿ ಅಮ್ಮನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತಿದ್ದೆ.

ಬ್ಯಾಟರಿ ತೆಗೆದರು. ನೆಲದಡಿಯ ಪೆಟ್ರೋಲ್ ಪೈಪನ್ನು ಬಿಚ್ಚಿ ಸರಿಸಿದರು, ಒದ್ದೆ ಗೋಣಿಯನ್ನು ಪಕ್ಕದಲ್ಲೇ ಇಟ್ಟುಕೊಂಡರು. ನೆಲ ಕೊಯ್ದಾಗ ಬಾಡಿ ಜಗ್ಗಿದರೆ ಬಾಗಿಲು ಕೂರುವುದಿಲ್ಲವೆಂದು ನಾಲ್ಕೂ ಮೂಲೆಗೆ ಮರದ ದಿಮ್ಮಿ ಕೊಟ್ಟರು. ಅಂಗೈಯಗಲದ ತೂತು ಎಂದುಕೊಂಡಿದ್ದೆ. ಹೊಳೆಯುವ ತಗಡು ಸಿಗುವ ತನಕ ಗ್ರೈಂಡರ್ ಓಡಿಸಿದಾಗ ಸಂಜೆಗೆ ಎರಡು ಮಣೆ ಹಾಕುವಷ್ಟು ಜಾಗ ಬಯಲಾಗಿ, ಶೆಡ್ಡಿನ ಮಣ್ಣು ಕಾಣುತ್ತಿತ್ತು.

ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಅಳತೆ ಕತ್ತರಿಸಿ, 18 ಗೇಜ್ ದಪ್ಪದ ಶೀಟಿನಲ್ಲಿ ಅಣ್ಣ ತುಂಡು ಮಾಡಿದರು. ಮೂಲ ನೆಲದಲ್ಲಿದ್ದ ಉಬ್ಬುಗೆರೆಗಳನ್ನೂ ಬಿಡಲಿಲ್ಲ. ಸಪಾಟು ತಗಡು ಕಾಲಿಟ್ಟಲ್ಲಿ ಬಡಬಡ ಅನ್ನುತ್ತದಂತೆ. ಸರಳು ಇಟ್ಟು ಸುತ್ತಿಗೆಯಲ್ಲಿ ಬಡಿದು ಒಂದೊಂದೇ ಗೆರೆ ಎಬ್ಬಿಸಿದ ಆ ಎರಡು ಗಂಟೆ ನಾನು ಕದಲದೆ ನೋಡಿದೆ. ವೆಲ್ಡಿಂಗೂ ಹಾಗೆಯೇ: ಇಲ್ಲೊಂದು ಚುಕ್ಕೆ, ಆ ತುದಿಯಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. ಒಂದೇ ಸಮನೆ ಎಳೆದರೆ ಬಿಸಿಗೆ ಶೀಟು ಸೊಟ್ಟಗಾಗುತ್ತದೆ. ಆಮೇಲೆ ಸಂದಿಗೆ ಸೀಲರ್, ಎರಡೂ ಬದಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ.

ಬಣ್ಣ ಒಣಗಿದ ಮೇಲೆ ಅಣ್ಣ ಕೇಳಿದರು, "ನೀರು ಬಂದದ್ದು ಎಲ್ಲಿಂದ, ಅದು ಗೊತ್ತಾಗ್ಬೇಕಲ್ಲ?" ಗಾಡಿಗೆ ನೀರಿನ ಪೈಪು ಹಿಡಿದು ನೋಡಿದೆವು. ಮುಂದಿನ ಗಾಜಿನ ಕೆಳಮೂಲೆಯ ರಬ್ಬರು ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಅಲ್ಲಿಂದ ಡ್ಯಾಶ್‌ಬೋರ್ಡಿನ ಹಿಂದೆ ಸಣ್ಣ ಧಾರೆಯಾಗಿ ಇಳಿದು ಸೀದಾ ಕಾಲಡಿಗೆ.

ರಬ್ಬರು ಹೊಸದು ಹಾಕಿಸಿದೆ. ಹೊಸ ನೆಲದ ಮೇಲೆ ಹಳೇ ಪೇಪರ್ ಹಾಸಿ, ಗಾಜಿಗೆ ಅರ್ಧ ಗಂಟೆ ನೀರು ಬಿಟ್ಟು, ಬಾಗಿಲು ತೆಗೆದು ಕೈಯಿಟ್ಟೆ. ಪೇಪರ್ ಗರಿಗರಿಯಾಗಿತ್ತು.