ಹೊಸ ಬೇಳೆ ಬರೋ ಹೊತ್ತಲ್ಲಿ

16 ಫೆಬ್ರವರಿ 2025, ಭಾನುವಾರ, ಮೈಸೂರು

ವರ್ಷದ ದಿನಸಿ ತುಂಬಿಸೋ ಟೈಮ್ ಬಂತು. ಏಪ್ರಿಲ್ ಮೇನಲ್ಲಿ ಸ್ಕೂಲ್ ಫೀಸು ಬರುತ್ತೆ, ಆಮೇಲೆ ಕೈಯಲ್ಲಿ ದುಡ್ಡಿರಲ್ಲ, ಏನೇ ತುಂಬಿಸಿಟ್ಕೊಂಡ್ರೂ ಈ ಒಂದೂವರೆ ಎರಡು ತಿಂಗಳಲ್ಲೇ ಆಗ್ಬೇಕು. ಅದೂ ಅಲ್ದೆ ತೊಗರಿ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಮೂರೂ ಹೆಚ್ಚುಕಮ್ಮಿ ಇದೇ ಟೈಮಲ್ಲಿ ಹೊಸದು ಬರೋದು. ಅತ್ತೆ ಬೆಳಿಗ್ಗೆಯಿಂದ ಲಿಸ್ಟ್ ಹೇಳ್ತಾನೇ ಇದ್ರು, ನಾನು ಬರೀತಾನೇ ಇದ್ದೆ. ತೊಗರಿಬೇಳೆ ರೇಟ್ ಇಳಿದಿದೆ ಅಂತ ನನಗೆ ಖುಷಿಯೋ ಖುಷಿ. ಹೋದ ವರ್ಷ ಕೆಜಿಗೆ 170-180 ಕೊಟ್ಟು ತಂದಿದ್ವಿ, ಈಗ ನಮ್ಮ ಶೆಟ್ಟರ ಅಂಗಡೀಲಿ 130ರ ಆಸುಪಾಸು ಹೇಳ್ತಿದಾರೆ. ನಮ್ಮನೇಲಿ ಆರು ಜನ, ದಿನಾ ಹುಳಿನೋ ತೊವ್ವೆನೋ ಇದ್ದೇ ಇರುತ್ತೆ, ತಿಂಗಳಿಗೆ ನಾಲ್ಕು ಕೆಜಿ ಲೆಕ್ಕ ಹಾಕಿದ್ರೂ ಉಳಿಯೋ ದುಡ್ಡು ಸಣ್ಣದಲ್ಲ.

ಮಧ್ಯಾಹ್ನ ಕಲಬುರಗಿ ಜಿಲ್ಲೆ ಆಳಂದದಿಂದ ತೊಗರಿ ಬೆಳೆಯೋ ಚಿಕ್ಕಪ್ಪ ಫೋನ್ ಮಾಡಿದ್ರು. ಮಕ್ಕಳ ಬಗ್ಗೆ ಕೇಳಿದ್ರು, ಇವ್ರ ಬಗ್ಗೆ ಕೇಳಿದ್ರು, ಆಮೇಲೆ "ನಿಮ್ಮ ಕಡಿ ಬ್ಯಾಳಿ ಏನ್ ರೇಟ್ ಅದವ್ವ ಈಗ?" ಅಂದ್ರು. ನಾನು ನೂರಮೂವತ್ತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದ್ರು, ಅವರ ತೊಗರಿ ಕಾಳು ಕ್ವಿಂಟಲ್‌ಗೆ ಏಳು ಸಾವಿರಕ್ಕೆ ಹೋಯ್ತಂತೆ. ಹೋದ ವರ್ಷ ಇದೇ ಕಾಳು ಹತ್ತು ಸಾವಿರದ ಮೇಲಿತ್ತು.

ನಾನು ಕೇಳ್ದೆ, ಬೆಂಬಲ ಬೆಲೆ 7,550 ಇದೆಯಲ್ಲ, ರಾಜ್ಯ ಸರ್ಕಾರದ್ದು 450 ಸೇರಿ ಎಂಟು ಸಾವಿರ ಆಗುತ್ತಲ್ಲ, ಖರೀದಿ ಕೇಂದ್ರಕ್ಕೆ ಯಾಕೆ ಹಾಕ್ಲಿಲ್ಲ ಅಂತ. "ಕೊಡ್ತಾರ ಖರೆ ಅವ್ವ, ಆದ್ರ ಹೆಸರು ಹಚ್ಚಬೇಕು, ಪಾಳಿ ಹಿಡೀಬೇಕು, ರೊಕ್ಕ ಅಕೌಂಟಿಗಿ ಬರೂತನಕ ಕಾಯಬೇಕು. ಸಾಲದ ಬಡ್ಡಿ ಕಾಯ್ತದೇನು?" ಅಂದ್ರು. ಬೇಜಾರಲ್ಲಿ ಹೇಳಿದ್ದೂ ಅಲ್ಲ, ಸುಮ್ನೆ ಮಳೆ ಬಂತು ಅಂತ ಹೇಳೋ ಥರ ಹೇಳಿದ್ರು, ಅದಕ್ಕೇ ನನಗೆ ಜಾಸ್ತಿ ಸಂಕಟ ಆಯ್ತು. 2022ರಲ್ಲಿ ನೆಟೆ ರೋಗ ಬಂದು ನಿಂತ ಗಿಡಾನೇ ಒಣಗಿ ಹೋದಾಗಲೂ ಚಿಕ್ಕಪ್ಪ ಇದೇ ದನೀಲಿ ಮಾತಾಡಿದ್ದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಜಾಗದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಸಿಕ್ತು ಅಂದಾಗ ಎಷ್ಟು ಹೆಮ್ಮೆ ಪಟ್ಟಿದ್ವಿ ನಾವು, ಅದನ್ನ ಬೆಳೆದವರ ಕೈಗೆ ಬರೋದು ಮಾತ್ರ ಇಷ್ಟು.

ಫೋನ್ ಇಟ್ಟ ಮೇಲೆ ಲಿಸ್ಟ್ ಮುಂದೆ ಕೂತು ಏನೂ ಬರೆಯೋಕಾಗ್ಲಿಲ್ಲ. ಮೆಣಸಿನಕಾಯಿದೂ ಅದೇ ಕಥೆ ಅಲ್ವಾ. ಹೋದ ವರ್ಷ ಮಾರ್ಚಲ್ಲಿ ರೇಟ್ ಬಿತ್ತು ಅಂತ ರೈತರು ಬ್ಯಾಡಗಿ ಎಪಿಎಂಸಿಲಿ ಗಾಡಿಗಳಿಗೆ ಬೆಂಕಿ ಹಚ್ಚಿದ್ದನ್ನ ಟೀವಿಲಿ ನೋಡಿದ್ವಿ, ಆ ವಾರಾನೇ ಇಲ್ಲಿ ಮೆಣಸಿನಕಾಯಿ ಸಸ್ತಾ ಅಂತ ಅತ್ತೆ ಸಾರಿನಪುಡಿಗೆ ಜಾಸ್ತೀನೇ ತರಿಸಿದ್ರು.

ಸಂಜೆ ಒಂದು ಲೆಕ್ಕ ಹಾಕ್ದೆ. ಚಿಕ್ಕಪ್ಪನ ಹತ್ರ ಇನ್ನೂ ಸ್ವಲ್ಪ ಕಾಳು ಉಳಿದಿದೆ. ಒಂದು ಕ್ವಿಂಟಲ್ ನಾವೇ ಎಂಟು ಸಾವಿರಕ್ಕೆ ತಗೊಂಡು ಅಲ್ಲೇ ಬೇಳೆ ಮಾಡಿಸಿದ್ರೆ ಎಪ್ಪತ್ತು ಕೆಜಿ ಹತ್ರ ಬರುತ್ತೆ, ಊರಿನ ಸಣ್ಣ ಮಿಲ್ಲಲ್ಲಿ ಆದ್ರೆ ಇನ್ನೂ ಸ್ವಲ್ಪ ಕಮ್ಮಿ. ಎಪ್ಪತ್ತು ಅಂತ ಇಟ್ಕೊಂಡ್ರೆ ಕೆಜಿಗೆ 114 ಬೀಳುತ್ತೆ, ಮಿಲ್ ಕೂಲಿ ಪಾರ್ಸಲ್ ಸೇರಿದ್ರೂ ಅಂಗಡಿ ರೇಟ್ ದಾಟಲ್ಲ ಅನ್ಸುತ್ತೆ, ಹೊಟ್ಟು ನುಚ್ಚು ಚಿಕ್ಕಪ್ಪನ ಎಮ್ಮೆಗಾಗುತ್ತೆ. ಅವರಿಗೆ ಸಾವಿರ ಜಾಸ್ತಿ ಸಿಗುತ್ತೆ, ನಮಗೂ ನಷ್ಟ ಇಲ್ಲ. ಇವ್ರಿಗೆ ತೋರಿಸಿದ್ರೆ "ಎಪ್ಪತ್ತು ಕೆಜಿ ಎಲ್ಲಿಡ್ತೀಯ" ಅಂದ್ರು. ಸರಿಯಾದ ಪ್ರಶ್ನೆನೇ. ನಮಗೆ ವರ್ಷಕ್ಕೆ ಐವತ್ತು ಸಾಕು, ಉಳಿದಿದ್ದನ್ನ ನಾದಿನಿ ಮನೆಗೋ ಪಕ್ಕದ್ಮನೆಗೋ ಹಂಚಬೇಕು.

ಇಡೋದ್ರಲ್ಲಿ ಅತ್ತೇನ ಮೀರಿಸೋರಿಲ್ಲ. ಬೇಳೇನ ಚೆನ್ನಾಗಿ ಬಿಸಿಲಿಗೆ ಹಾಕಿ, ಕೆಜಿಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿ, ಮತ್ತೆ ಬಿಸಿಲು ತೋರಿಸಿ, ಪೂರ್ತಿ ಆರಿದ ಮೇಲೇ ಡಬ್ಬಕ್ಕೆ. "ಬಿಸಿ ಇರೋವಾಗ ಮುಚ್ಚಬೇಡ ಕಣಮ್ಮ, ಬೆವರುತ್ತೆ" ಅಂತ ಪ್ರತಿ ಸಲ ಹೇಳ್ತಾರೆ. ದೊಡ್ಡ ಡ್ರಮ್‌ಗೆ ಕೈ ಹಾಕೋ ಹಾಗಿಲ್ಲ, ತಿಂಗಳಿಗೆ ಬೇಕಾದಷ್ಟು ಸಣ್ಣ ಡಬ್ಬಕ್ಕೆ ತಗೊಂಡು ಅದನ್ನಷ್ಟೇ ಬಳಸೋದು. ಹುಣಸೆಹಣ್ಣು ಬೀಜ ತೆಗೆದು ಕಲ್ಲುಪ್ಪು ಹಾಕಿ ಜಾಡಿಗೆ. ರವೆ, ಹಿಟ್ಟು, ಕಡ್ಲೆಬೀಜ ಇವೆಲ್ಲ ಎಷ್ಟೇ ಆಫರ್ ಇರಲಿ ತಿಂಗಳಿಗಾಗೋಷ್ಟೇ, ಮಳೆಗಾಲ ಬಂದ್ರೆ ಹುಳ ಬಿದ್ದು ಆಫರಲ್ಲಿ ಉಳಿದಿದ್ದಕ್ಕಿಂತ ಜಾಸ್ತಿ ಚೆಲ್ಲಬೇಕಾಗುತ್ತೆ. ಅಕ್ಕಿ ಮಾತ್ರ ಹಳೇದಾದಷ್ಟೂ ಒಳ್ಳೇದು, ಅನ್ನ ಉದುರುದುರಾಗಿ ಬರುತ್ತೆ, ಒದಗುತ್ತೆ ಕೂಡ, ಹಾಗಾಗಿ ಎರಡು ಮೂಟೆ ಮುಂದಾಗಿ ಇರುತ್ತೆ ನಮ್ಮನೇಲಿ. 26 ಕೆಜಿ ಮೂಟೇನೇ ತರೋದು, 2022 ಜುಲೈಲಿ 25 ಕೆಜಿವರೆಗಿನ ಪ್ಯಾಕಿಗೆ ಜಿಎಸ್‌ಟಿ ಬಂದ ಮೇಲೆ ಮಿಲ್ಲಿನವ್ರು ಅದನ್ನ ಶುರು ಮಾಡಿದ್ದು.

ಎಣ್ಣೆ ಬಗ್ಗೆ ಒಂದು ಮಾತು, ಪ್ಯಾಕೆಟ್ ಸೈಜ್ ನೋಡಿ ರೇಟ್ ಹೋಲಿಸಬೇಡಿ. ಒಂದು ಲೀಟರ್ ಅಂದ್ರೆ 910 ಗ್ರಾಂ, ಅದೇ ಸೈಜ್ ಕಾಣೋ ಪೌಚಲ್ಲಿ 850, 870 ಗ್ರಾಂ ಅಂತ ಸಣ್ಣಕ್ಷರದಲ್ಲಿರುತ್ತೆ. ಗ್ರಾಂ ಲೆಕ್ಕ ಹಾಕಿ ನೋಡಿದ್ರೆ ಸಸ್ತಾ ಅನ್ಸಿದ್ದೇ ದುಬಾರಿ ಆಗಿರುತ್ತೆ ಎಷ್ಟೋ ಸಲ.

ಎಲ್ಲೋ ಹೋದೆ. ಚಿಕ್ಕಪ್ಪನಿಗೆ ಇನ್ನೂ ವಿಷಯ ಹೇಳಿಲ್ಲ. ಮಾರೋದು ಅಂದ್ರೆ ಒಪ್ಪಲ್ಲ ಅವರು, "ಮಗಳ ಮನಿಗಿ ಬ್ಯಾಳಿ ಮಾರ್ತಾರೇನು" ಅಂತ ಒಂದು ಚೀಲ ಬಸ್ಸಿಗೆ ಹಾಕಿ ಕಳಿಸಿಬಿಡ್ತಾರೆ, ದುಡ್ಡು ಕೊಟ್ರೆ ಸಿಟ್ಟಾಗ್ತಾರೆ, ಆಗ ಇಷ್ಟೆಲ್ಲ ಲೆಕ್ಕ ಹಾಕಿ ಏನುಪಯೋಗ. ನಾದಿನಿ ಹೆಸರಲ್ಲಿ ಕೇಳಿಸಿದ್ರೆ ಹೇಗೆ, ನಮಗಲ್ಲ ಮೈಸೂರಲ್ಲಿ ನಾಲ್ಕು ಮನೆಯವ್ರಿಗೆ ಬೇಕಂತೆ ಅಂತ, ಅದು ಸುಳ್ಳೂ ಅಲ್ವಲ್ಲ. ದುಡ್ಡನ್ನ ಚಿಕ್ಕಮ್ಮನ ಅಕೌಂಟಿಗೆ ಮೊದಲೇ ಹಾಕಿಬಿಟ್ರೆ, ಆಮೇಲೆ ವಾಪಸ್ ಕಳಿಸೋಕೆ ಅವರಿಗೆ ಬರಲ್ಲ, ಆದ್ರೆ ಚಿಕ್ಕಮ್ಮ ಚಿಕ್ಕಪ್ಪನಿಗೆ ಹೇಳ್ದೆ ಇರ್ತಾರಾ