ವೈಫೈ ಇದೆ, ನೆಟ್ ಇಲ್ಲ

ಮನೆಯ ವೈಫೈನಲ್ಲಿ ಮೊಬೈಲಿನ ವಿಡಿಯೊ ಸಲೀಸಾಗಿ ಓಡುತ್ತದೆ, ಪಕ್ಕದಲ್ಲೇ ಇರುವ ಲ್ಯಾಪ್‌ಟಾಪ್ ಮಾತ್ರ ಮೀಟಿಂಗ್ ಮಧ್ಯೆ ಕೈಕೊಡುತ್ತದೆ. ಅಂದರೆ ತೊಂದರೆ ಲೈನಿನದ್ದಲ್ಲ, ಅಲ್ವಾ? ಆದರೂ ಕಸ್ಟಮರ್ ಕೇರ್‌ನವರದು ಒಂದೇ ಮಂತ್ರ: "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್."

ಕೊನೆಗೆ ನಾನೇ ಕೂತು ನೋಡಿದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ (ಲ್ಯಾಪ್‌ಟಾಪಿನೊಳಗೆ ವೈಫೈ ಹಿಡಿಯುವ ಭಾಗ) ತೆರೆದರೆ ಪವರ್ ಮ್ಯಾನೇಜ್‌ಮೆಂಟ್ ಅಂತ ಒಂದು ಟ್ಯಾಬ್. ಪವರ್ ಉಳಿಸಲು ಕಂಪ್ಯೂಟರ್ ಇದನ್ನು ಆಫ್ ಮಾಡಬಹುದು ಎಂಬ ಸಾಲಿನ ಮುಂದೆ ಟಿಕ್ ಮಾರ್ಕು! ತೆಗೆದೆ. ಅರ್ಧ ಕಾಟ ಅಲ್ಲಿಗೇ ನಿಂತಿತು.

ಉಳಿದರ್ಧ, ವೈಫೈ ಬಳಸುವ ತರಂಗದ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಬ್ಯಾಂಡಿನದು. ಅಪಾರ್ಟ್‌ಮೆಂಟಿನ ಅಷ್ಟೂ ರೂಟರ್‌ಗಳು ಅಲ್ಲೇ ಕಿಕ್ಕಿರಿದಿವೆ. ಆ ಬ್ಯಾಂಡಿನೊಳಗಿನ ಸಣ್ಣ ದಾರಿಗಳಾದ ಚಾನೆಲ್‌ಗಳಲ್ಲಿ ಒಂದಕ್ಕೊಂದು ತಾಗದವು 1, 6, 11 ಮೂರೇ. ಮೈಕ್ರೋವೇವ್ ಓವನ್ ಕೂಡ ಹೆಚ್ಚುಕಡಿಮೆ ಅದೇ ತರಂಗದ್ದು. ಅಮ್ಮ ಸಾರು ಬಿಸಿಗಿಟ್ಟಾಗಲೇ ನನ್ನ ದನಿ ಕಟ್ ಆಗುತ್ತಿದ್ದದ್ದು ಅದಕ್ಕೇ. ಲ್ಯಾಪ್‌ಟಾಪನ್ನು ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗೆ ಹಾಕಿದೆ. ಅದು ಗೋಡೆ ದಾಟುವುದರಲ್ಲಿ ಸ್ವಲ್ಪ ಸೋಮಾರಿ. ಹಾಗಾಗಿ ರೂಟರ್ ಟಿವಿ ಹಿಂದಿನಿಂದ ಶೋಕೇಸಿನ ಮೇಲಕ್ಕೆ ಹೋಯಿತು. (ದೇವರ ಮನೆ ಪಕ್ಕ ಸಿಗ್ನಲ್ ಇನ್ನೂ ಚೆನ್ನಾಗಿತ್ತು. ಅಮ್ಮ ಒಪ್ಪಲಿಲ್ಲ.)

ಮೊದಲೆಲ್ಲ ಕರೆಂಟ್ ಹೋದರೆ ಕಿಟಕಿಗೆ ಬಂದು ಪಕ್ಕದ ಮನೆಗೂ ಹೋಗಿದೆಯಾ ಅಂತ ನೋಡುತ್ತಿದ್ದೆವು. ಅವರಿಗೂ ಹೋಗಿದ್ದರೆ ಏನೋ ಒಂದು ಸಮಾಧಾನ. ನೆಟ್ ವಿಷಯದಲ್ಲಿ ಆ ಸುಖವೂ ಇಲ್ಲ, ಒಂದೇ ಮನೆಯೊಳಗೆ ಒಬ್ಬೊಬ್ಬರ ಕಷ್ಟ ಒಂದೊಂದು ಥರ.

ಅಪ್ಪನ ಹಳೇ ಟ್ಯಾಬ್‌ಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಅವರಿಗೋಸ್ಕರ 2.4 ಕೂಡ ಆನ್ ಇಟ್ಟಿದ್ದೇನೆ.