ಬದುಕಿದ್ದವರ ಫೋಟೋಗೆ ಹಾರ ಹಾಕಿದ ಕಥೆ

ಡಿಸೆಂಬರ್ ಬಂತು ಅಂದರೆ ನನಗೆ ಈಗಲೂ ಒಂದು ಪ್ಲೇಟ್ ಕಣ್ಣ ಮುಂದೆ ಬರುತ್ತದೆ. ಊಟದ ಪ್ಲೇಟ್ ಅಲ್ಲ, ಗ್ರಾಫಿಕ್ಸ್ ಪ್ಲೇಟ್. ಕಪ್ಪು ಹಿನ್ನೆಲೆ, ಎಡಕ್ಕೆ ಅಲುಗಾಡುವ ದೀಪ, ಬಲಕ್ಕೆ ಚೆಂಡು ಹೂವಿನ ಹಾರ ಹಾಕಿದ ಫ್ರೇಮು. ಕೆಳಗೆ ಹಳದಿ ಅಕ್ಷರದಲ್ಲಿ ‘ಹುತಾತ್ಮ ಭೈರೋನ್ ಸಿಂಗ್ ರಾಠೋಡ್‌ಗೆ ನಮನ’. ಅದನ್ನು ಮಾಡಿಸಿದ್ದು ನಾನು. ಅವತ್ತು ಭೈರೋನ್ ಸಿಂಗ್ ರಾಜಸ್ಥಾನದಲ್ಲಿ ಬದುಕಿದ್ದರು.

2018ರ ಡಿಸೆಂಬರ್ 16, 1971ರಲ್ಲಿ ಪಾಕಿಸ್ತಾನವನ್ನು ಸೋಲಿಸಿದ ನೆನಪಿನ ವಿಜಯ ದಿವಸ. ಅವತ್ತು ಭಾನುವಾರ ಬೇರೆ. ನಾನು ಆಗ ಒಂದು ಕನ್ನಡ ನ್ಯೂಸ್ ಚಾನೆಲ್‌ನಲ್ಲಿ ಸ್ಪೆಷಲ್ ಪ್ರೋಗ್ರಾಂ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಶುಕ್ರವಾರ ಸಂಜೆ ಏಳಕ್ಕೆ, ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ, ಔಟ್‌ಪುಟ್ ಹೆಡ್ ಕರೆದು “ಲೋಂಗೆವಾಲಾ ಮೇಲೆ ಅರ್ಧ ಗಂಟೆ ಮಾಡಿ, ಲೈವ್” ಅಂದರು. ಕಾರಣ ಇತ್ತು. 1971ರ ಯುದ್ಧದಲ್ಲಿ ರಾಜಸ್ಥಾನ ಗಡಿಯ ಆ ಪೋಸ್ಟ್ ಕಾದ ಮೇಜರ್ ಕುಲ್‌ದೀಪ್ ಸಿಂಗ್ ಚಾಂದ್‌ಪುರಿ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. “‘ಬಾರ್ಡರ್’ ಸಿನಿಮಾ ಎಲ್ಲರೂ ನೋಡಿರ್ತಾರೆ. ಸನ್ನಿ ಡಿಯೋಲ್ ಇದ್ದಾನೆ. ಒಂದು ಕರ್ನಾಟಕ ಕನೆಕ್ಟ್ ಹಾಕಿ ಸಾಕು.”

ಏನು ಕನೆಕ್ಟ್ ಸರ್ ಅಂದೆ.

“ಸುನಿಲ್ ಶೆಟ್ಟಿ ಮೂಲ್ಕಿಯವರಲ್ವಾ?”

ಹೀಗೆ ಶುರುವಾಯಿತು. ಸುನಿಲ್ ಶೆಟ್ಟಿ ಮಾಡಿದ್ದು ಗಡಿ ಭದ್ರತಾ ಪಡೆ, ಅಂದರೆ ಬಿಎಸ್ಎಫ್‌ನ ಭೈರೋನ್ ಸಿಂಗ್ ಪಾತ್ರ. ಹಾಗಾಗಿ ನನ್ನ ಎರಡನೇ ಪ್ಯಾಕೇಜ್ (ಮೊದಲೇ ಎಡಿಟ್ ಮಾಡಿಟ್ಟ ವಿಡಿಯೋ ತುಂಡು) ಪೂರ್ತಿ ಭೈರೋನ್ ಸಿಂಗ್ ಮೇಲೆ. ಆ ಸಿನಿಮಾ ನಾನು 1997ರಲ್ಲಿ ಅಪ್ಪನ ಜೊತೆ ಟಾಕೀಸಿನಲ್ಲಿ ನೋಡಿದ್ದೆ. ಸುನಿಲ್ ಶೆಟ್ಟಿ ಸಾಯುವಾಗ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡಿದ್ದು ನೆನಪಿದೆ. ಅಪ್ಪ ಅತ್ತ ಮೇಲೆ ಅದು ಸುಳ್ಳು ಹೇಗಾಗುತ್ತೆ? ಸ್ಕ್ರಿಪ್ಟ್ ಒಂದೇ ಏಟಿಗೆ ಬಂತು. ‘ಮರಳುಗಾಡಿನ ಮಣ್ಣಿಗೆ ರಕ್ತ ಕೊಟ್ಟ ವೀರ’ ಅಂತ ಓಪನಿಂಗ್. ವಾಯ್ಸ್ ಓವರ್ ಕೊಟ್ಟವನು ಕೂಡ ಸಕತ್ತಾಗಿ ಎಳೆದ.

ನನ್ನನ್ನು ನಾನೇ ಸ್ವಲ್ಪ ಸಮರ್ಥಿಸಿಕೊಳ್ಳುತ್ತೇನೆ. ಆ ಸಿನಿಮಾದಲ್ಲಿ ಮೇಜರ್ ಹೆಸರು ನಿಜ. ಜಾಗ ನಿಜ. ಪಂಜಾಬ್ ರೆಜಿಮೆಂಟ್ ನಿಜ. ಡಿಸೆಂಬರ್ 4ರ ರಾತ್ರಿ ಟ್ಯಾಂಕ್‌ಗಳು ಬಂದಿದ್ದು ನಿಜ. ಕತ್ತಲಲ್ಲಿ ಹಂಟರ್ ವಿಮಾನ ಹಾರಿಸೋಕೆ ಆಗಲ್ಲ, ಬೆಳಗಿನ ತನಕ ತಡೆದುಕೊಳ್ಳಿ ಅಂದಿದ್ದೂ ನಿಜ. ನಿರ್ದೇಶಕ ಜೆ.ಪಿ. ದತ್ತಾ ಅವರ ಸಹೋದರನೇ ವಾಯುಪಡೆಯ ಪೈಲಟ್, 1987ರಲ್ಲಿ ಮಿಗ್ ಅಪಘಾತದಲ್ಲಿ ಹೋದವರು. ಇಷ್ಟೆಲ್ಲ ಸರಿ ಇರುವ ಕಡೆ ಸಾವು ಒಂದನ್ನೇ ಯಾಕೆ ಅನುಮಾನಿಸಬೇಕು ಅಂತ ನನ್ನ ತಲೆ ಓಡಿತು.

ಒಂದು ಸುಳಿವು ಮಾತ್ರ ಸಿಕ್ಕಿತ್ತು. ಗ್ರಾಫಿಕ್ಸ್ ಹುಡುಗಿ ಶನಿವಾರ ಮಧ್ಯಾಹ್ನ ಬಂದು, “ಸರ್, ಭೈರೋನ್ ಸಿಂಗ್ ಅಂತ ಹಾಕಿದ್ರೆ ಬರೀ ವಯಸ್ಸಾದವರ ಫೋಟೋ ಬರ್ತಿದೆ, ದೊಡ್ಡ ಮೀಸೆ, ಪೇಟ” ಅಂದಳು. ಅದೇ ಹೆಸರಿನ ಬೇರೆ ಯಾರೋ ಇರಬೇಕು ಬಿಡು, ಸೈನಿಕನ ನೆರಳು ಚಿತ್ರ ಹಾಕು ಅಂದೆ. ಅವಳು ಹಾಕಿದಳು. ನೆರಳಿಗೆ ಹಾರ ಹಾಕಿದಳು.

ಗೆಸ್ಟ್ ಆಗಿ ಬಂದವರು ಕೊಡಗಿನ ನಿವೃತ್ತ ಕರ್ನಲ್ ಒಬ್ಬರು. ಮೇಕಪ್ ರೂಮಿನಲ್ಲಿ ಪೌಡರ್ ಬೇಡ ಅಂತ ಗಲಾಟೆ ಮಾಡುತ್ತಾ ಕೂತಿದ್ದರು. “ಏನು ತೋರಿಸ್ತೀರಿ, ಸ್ಕ್ರಿಪ್ಟ್ ಇದ್ರೆ ಕೊಡಿ” ಅಂತ ಕೇಳಿದರು. ಟೈಮ್ ಇಲ್ಲ ಸರ್ ಅಂದೆ. ಟೈಮ್ ಇತ್ತು, ಇಪ್ಪತ್ತು ನಿಮಿಷ ಇತ್ತು. ಗೆಸ್ಟ್‌ಗೆ ಸ್ಕ್ರಿಪ್ಟ್ ಕೊಟ್ಟರೆ ತಿದ್ದೋಕೆ ಶುರು ಮಾಡ್ತಾರೆ ಅನ್ನೋದು ನಮ್ಮ ಡೆಸ್ಕ್‌ನ ನಂಬಿಕೆ. ಹೌದು, ತಿದ್ದುತ್ತಿದ್ದರು.

ಎಂಟು ಗಂಟೆಗೆ ಆನ್ ಏರ್. ಮೊದಲ ಪ್ಯಾಕೇಜ್ ಚಾಂದ್‌ಪುರಿ ಮೇಲೆ, ಸಲೀಸಾಗಿ ಹೋಯಿತು. ಅದರ ಕೊನೆಗೆ ‘ಮುಂದೆ ನೋಡಿ’ ಬಂಪರ್‌ನಲ್ಲಿ ಹಾರದ ಪ್ಲೇಟ್ ಎರಡು ಸೆಕೆಂಡ್ ಮಿಂಚಿ ಹೋಯಿತು. ಆಂಕರ್ ಮಾತು ಶುರು ಮಾಡಿದರು. ಟಾಕ್‌ಬ್ಯಾಕ್‌ನಲ್ಲಿ ಸ್ಟುಡಿಯೋ ಒಳಗಿನ ಫ್ಲೋರ್ ಮ್ಯಾನೇಜರ್ ನನ್ನ ಕಿವಿಗೆ ಪಿಸುಗುಟ್ಟಿದ: “ಸರ್, ಬಂಪರ್ ಹೋಗುವಾಗ ಕರ್ನಲ್ ಹೇಳ್ತಿದ್ರು. ಆ ಹಾರದ ಮನುಷ್ಯ ಬದುಕಿದ್ದಾರಂತೆ.”

ಎರಡನೇ ಪ್ಯಾಕೇಜ್‌ಗೆ ಆರು ನಿಮಿಷ ಇತ್ತು.

ಆ ಆರು ನಿಮಿಷದಲ್ಲಿ ನಾನು ಏನು ಮಾಡಿದೆ ಅನ್ನೋದನ್ನ ಎಷ್ಟು ಸಲ ನೆನೆಸಿಕೊಂಡಿದ್ದೀನೋ ಗೊತ್ತಿಲ್ಲ. ಮೊದಲು ಸಿಟ್ಟು ಬಂತು. ವಯಸ್ಸಾದವರು, ಯಾರನ್ನೋ ಯಾರೋ ಅಂದುಕೊಂಡಿದ್ದಾರೆ ಅನ್ನಿಸಿತು. ಆಮೇಲೆ ಪಿಸಿಆರ್‌ನ, ಅಂದರೆ ಕಾರ್ಯಕ್ರಮ ನಿಯಂತ್ರಿಸುವ ಕೋಣೆಯ, ಮೂಲೆಯ ಸಿಸ್ಟಂನಲ್ಲಿ ಚೆಕ್ ಮಾಡಿದೆ. ಆ ಸಿಸ್ಟಂನಲ್ಲಿ ಸ್ಪೇಸ್ ಬಾರ್ ಎರಡು ಸಲ ಒತ್ತಬೇಕು, ಬ್ರೌಸರ್ ತೆರೆಯೋಕೆ ಅರ್ಧ ನಿಮಿಷ. ಅಡ್ಮಿನ್‌ಗೆ ಮೂರು ಮೇಲ್ ಹಾಕಿದ್ದೆ. ಭೈರೋನ್ ಸಿಂಗ್, ಬಾರ್ಡರ್, ಡೆತ್ ಅಂತ ಟೈಪ್ ಮಾಡಿದೆ. ಒಂದು ಪುಟ ತೆರೆಯಿತು. ಭೈರೋನ್ ಸಿಂಗ್ ಪ್ರಾಣ ಕೊಡುತ್ತಾರೆ ಅಂತ ಸ್ಪಷ್ಟವಾಗಿ ಬರೆದಿತ್ತು. ನಿಟ್ಟುಸಿರು ಬಿಟ್ಟೆ. “ಚೆಕ್ ಮಾಡಿದೆ, ಕರೆಕ್ಟ್ ಇದೆ” ಅಂತ ಟಾಕ್‌ಬ್ಯಾಕ್‌ನಲ್ಲಿ ಹೇಳಿದೆ. ದನಿಯಲ್ಲಿ ಸ್ವಲ್ಪ ಗತ್ತು ಕೂಡ ಇತ್ತು.

ನಾನು ಓದಿದ್ದು ಸಿನಿಮಾದ ಕಥಾ ಸಾರಾಂಶ. ಸಿನಿಮಾ ನಿಜ ಅಂತ ಖಾತ್ರಿ ಮಾಡಿಕೊಳ್ಳೋಕೆ ಸಿನಿಮಾವನ್ನೇ ಕೇಳಿದ್ದೆ.

ಫ್ಲೋರ್ ಮ್ಯಾನೇಜರ್ ಇನ್ನೊಂದು ಸಲ ಹೇಳಿದ, “ಸರ್, ಒಂದ್ಸಲ ಕರ್ನಲ್ ಹತ್ರ ಮಾತಾಡಿ.” ಪ್ಯಾಕೇಜ್ ಬಿಟ್ಟರೆ ನಾಲ್ಕೂವರೆ ನಿಮಿಷ ತೂತು. ಅದನ್ನು ತುಂಬಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಯೋಚಿಸಿದರೆ ನಿಜವಾದ ಕಾರಣ ಅದೇ. ಕಾರ್ಯಕ್ರಮದ ಅನುಕ್ರಮ ಪಟ್ಟಿ, ಆ ರಂಡೌನ್‌ನಲ್ಲಿ ತೂತು ಬೀಳುತ್ತಲ್ಲ ಅಂತ ಒಬ್ಬ ಮನುಷ್ಯ ಸತ್ತಿರೋದೇ ಸರಿ ಅಂತ ತೀರ್ಮಾನ ಮಾಡಿದೆ. “ರೋಲ್” ಅಂದೆ.

ಪ್ಯಾಕೇಜ್ ಮುಗಿಯಿತು. ಆಂಕರ್ ಗಂಟಲು ಸರಿ ಮಾಡಿಕೊಂಡು, ಹುತಾತ್ಮ ಭೈರೋನ್ ಸಿಂಗ್ ಅವರ ತ್ಯಾಗದ ಬಗ್ಗೆ ಹೇಳಿ ಸರ್ ಅಂದರು. ಕರ್ನಲ್ ಕ್ಯಾಮೆರಾ ನೋಡಲಿಲ್ಲ, ಆಂಕರ್‌ನನ್ನೂ ನೋಡಲಿಲ್ಲ. ಗಾಜಿನ ಈಚೆ ಪಿಸಿಆರ್ ಕಡೆ ನೋಡಿದರು.

“ಅವರು ಜೋಧ್‌ಪುರದ ಹತ್ತಿರ ತಮ್ಮ ಊರಲ್ಲಿದ್ದಾರಮ್ಮ. ಎಪ್ಪತ್ತೇಳೋ ಏನೋ ವಯಸ್ಸು. ಸೇನಾ ಮೆಡಲ್ ಸಿಕ್ಕಿದೆ. ಪಂಜಾಬ್ ರೆಜಿಮೆಂಟ್‌ನ ಹುಡುಗನಿಗೆ ಏಟು ಬಿದ್ದಾಗ ಅವನ ಲೈಟ್ ಮಷೀನ್ ಗನ್ ತಗೊಂಡು ಇವರು ಹೊಡೆದರು. ಯುದ್ಧ ಮುಗಿಸಿ, ಸರ್ವಿಸ್ ಮುಗಿಸಿ, ಊರಿಗೆ ಹೋದರು. ನೀವು ಒಂದು ಫೋನ್ ಮಾಡಬಹುದಿತ್ತು.”

ಪಿಸಿಆರ್‌ನಲ್ಲಿ ಯಾರೂ ಮಾತಾಡಲಿಲ್ಲ. ಕರ್ನಲ್ ಇದನ್ನು ಹೇಳುತ್ತಿರುವಾಗಲೇ ಅವರ ಎದೆಯ ಕೆಳಗೆ ಟಿಕರ್ ಓಡುತ್ತಿತ್ತು: ‘ಹುತಾತ್ಮ ಭೈರೋನ್ ಸಿಂಗ್‌ಗೆ ನಾಡಿನ ನಮನ’. ಟಿಕರ್ ಡೆಸ್ಕ್ ಇದ್ದದ್ದು ಕೆಳಗಿನ ಫ್ಲೋರ್‌ನಲ್ಲಿ. ಇಂಟರ್‌ಕಾಮ್ ಹೊಡೆದೆ, ಎತ್ತಲಿಲ್ಲ. ಭಾನುವಾರ ಒಬ್ಬನೇ ಶಿಫ್ಟ್, ಅವನು ಟೀಗೆ ಹೋಗಿದ್ದ. ಮೆಟ್ಟಿಲು ಇಳಿದು ಓಡಿದೆ. ಅವನ ಸಿಸ್ಟಂ ಲಾಕ್ ಆಗಿತ್ತು. ಮಾನಿಟರ್ ಮುಂದೆ ನಿಂತು ನನ್ನದೇ ವಾಕ್ಯ ಬಲದಿಂದ ಎಡಕ್ಕೆ ನಾಲ್ಕು ಸಲ ಹೋಗೋದನ್ನ ನೋಡಿದೆ. ಐದನೇ ಸಲಕ್ಕೆ ಅವನು ಬಿಸ್ಕತ್ತು ಹಿಡಿದುಕೊಂಡು ಬಂದ.

ಮೇಲೆ ಬರುವಷ್ಟರಲ್ಲಿ ಬ್ರೇಕ್ ಮುಗಿದಿತ್ತು. ರಂಡೌನ್‌ನ ಕೊನೆಯಲ್ಲಿ ಹಾರದ ಪ್ಲೇಟ್ ಮತ್ತು ಮೂವತ್ತು ಸೆಕೆಂಡ್ ಮೌನ ಇತ್ತು. ಪ್ಲೇಟ್ ಡ್ರಾಪ್ ಮಾಡಿಸಿದೆ. ಮೌನಕ್ಕೆ ಬದಲು ಏನು ಅಂದ ಪ್ಯಾನಲ್ ಪ್ರೊಡ್ಯೂಸರ್. ಕರ್ನಲ್ ಮಾತಾಡಲಿ ಅಂದೆ. ಅವರು ಲೋಂಗೆವಾಲಾದಲ್ಲಿ ನಮ್ಮ ಕಡೆ ಸತ್ತವರು ಇಬ್ಬರು ಅಂದರು. ನೂರಿಪ್ಪತ್ತು ಜನರ ಕಂಪನಿಯಲ್ಲಿ ಇಬ್ಬರು. ಸಿನಿಮಾದಲ್ಲಿ ಮುಖ್ಯ ಪಾತ್ರಗಳೇ ಸಾಲಾಗಿ ಸಾಯುತ್ತವೆ. ಅಕ್ಷಯ್ ಖನ್ನಾ ಮಾಡಿದ ಧರಮ್‌ವೀರ್ ಕೂಡ ನಿಜದಲ್ಲಿ ಬದುಕಿ ಉಳಿದು ಲೆಫ್ಟಿನೆಂಟ್ ಕರ್ನಲ್ ಆದವರು. “ಅಷ್ಟು ಜನರನ್ನ ಉಳಿಸಿದ್ದೇ ಚಾಂದ್‌ಪುರಿ ಹೆಚ್ಚುಗಾರಿಕೆ. ಸಿನಿಮಾ ಅದನ್ನೇ ತೆಗೆದುಹಾಕಿತು. ಸತ್ತರೆ ತಾನೆ ಟಿಕೆಟ್ ಹೋಗೋದು” ಅಂದರು. ಇಡೀ ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಬಂದ ಮಾತು ಅದೊಂದೇ. ಅದಕ್ಕೆ ಸ್ಕ್ರಿಪ್ಟ್ ಇರಲಿಲ್ಲ.

ಸೋಮವಾರದ ಮೀಟಿಂಗ್‌ನಲ್ಲಿ ಬೈಸಿಕೊಳ್ಳೋಕೆ ರೆಡಿಯಾಗಿ ಹೋದೆ. ಔಟ್‌ಪುಟ್ ಹೆಡ್ ಕೇಳಿದ ಮೊದಲ ಪ್ರಶ್ನೆ, “ಆ ಗೆಸ್ಟ್‌ನ ಯಾರು ಕರೆಸಿದ್ದು?” ಎರಡನೇ ಪ್ರಶ್ನೆಯೇ ಬರಲಿಲ್ಲ. ಕ್ಲಾರಿಫಿಕೇಶನ್ ಹಾಕೋಣ ಸರ್ ಅಂದೆ. ನಾವೇ ಯಾಕೆ ಎತ್ತಿ ತೋರಿಸಬೇಕು, ಬಿಡಿ ಅಂದರು. ಅಷ್ಟರಲ್ಲಿ ಡಿಜಿಟಲ್ ಟೀಮ್ ಆ ತುಂಡು ಕತ್ತರಿಸಿ ಯೂಟ್ಯೂಬ್‌ಗೆ ಹಾಕಿ ಆಗಿತ್ತು. ‘ಲೈವ್‌ನಲ್ಲೇ ಆಂಕರ್‌ಗೆ ಶಾಕ್ ಕೊಟ್ಟ ಕರ್ನಲ್!’ ಆ ವಾರ ನಮ್ಮಲ್ಲಿ ಜಾಸ್ತಿ ಓಡಿದ ವಿಡಿಯೋ ಅದೇ. ಆಂಕರ್ ನನ್ನ ಜೊತೆ ಸಂಕ್ರಾಂತಿ ತನಕ ಮಾತಾಡಲಿಲ್ಲ. ಅವಳದ್ದು ನ್ಯಾಯವೇ.

ಕರ್ನಲ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ನಕ್ಕರು. “ನಾನು ಸರ್ವಿಸ್‌ನಲ್ಲಿ ಇದ್ದದ್ದು ಸಪ್ಲೈನಲ್ಲಿ. ಅಕ್ಕಿ, ಎಣ್ಣೆ, ಸೀಮೆಎಣ್ಣೆ. ‘ಬಾರ್ಡರ್’ ಬಂದ ಮೇಲೆ ಊರಿಗೆ ಹೋದಾಗೆಲ್ಲ ನೀವು ಎಷ್ಟು ಟ್ಯಾಂಕ್ ಹೊಡೆದ್ರಿ ಅಂತ ಕೇಳೋರು. ಸೊನ್ನೆ ಅಂದ್ರೆ ಮುಖ ಸಣ್ಣ ಮಾಡ್ಕೊಳ್ಳೋರು.”

ಚಾಂದ್‌ಪುರಿ ಕಥೆ ಪೂರ್ತಿ ಹೇಳಿದ್ದೂ ಅವರೇ. ಸಿನಿಮಾ ಚಾಂದ್‌ಪುರಿಯವರನ್ನು ಮನೆಮನೆಗೂ ತಲುಪಿಸಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1971ರಲ್ಲಿ ಅದೇ ಕಡೆ ಇದ್ದ ನಿವೃತ್ತ ಅಧಿಕಾರಿಗಳೇ ತಿರುಗಿಬಿದ್ದರು. ಟ್ಯಾಂಕ್‌ಗಳನ್ನು ಹೊಡೆದಿದ್ದೆಲ್ಲ ವಾಯುಪಡೆ, ನೆಲದ ಮೇಲೆ ಯುದ್ಧವೇ ನಡೆದಿಲ್ಲ ಅಂದರು. ಮಹಾವೀರ ಚಕ್ರ ಎದೆ ಮೇಲಿದ್ದ ಮನುಷ್ಯ ಕೋರ್ಟಿಗೆ ಹೋಗಬೇಕಾಯಿತು. ಕೇಳಿದ ಪರಿಹಾರ ಒಂದು ರೂಪಾಯಿ. ವಿಮಾನಗಳು ಬಂದಿದ್ದು ಬೆಳಗಾದ ಮೇಲೆ, ರಾತ್ರಿ ಇಡೀ ಪೋಸ್ಟ್ ಬಿಡದೆ ಕೂತವರು ಯಾರು ಅನ್ನೋದು ಕರ್ನಲ್ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಸಿನಿಮಾ ಅಷ್ಟೊಂದು ಉಬ್ಬಿಸದೆ ಇದ್ದಿದ್ದರೆ ಸೂಜಿ ಚುಚ್ಚೋಕೂ ಯಾರೂ ಬರುತ್ತಿರಲಿಲ್ಲವೇನೋ. ಈ ಜಗಳ ನನ್ನ ಪ್ಯಾಕೇಜ್‌ನಲ್ಲಿ ಒಂದು ಸಾಲೂ ಇರಲಿಲ್ಲ. ನನಗೆ ಗೊತ್ತಿತ್ತು, ಸ್ವಲ್ಪ ಓದಿದ್ದೆ. ವಿಜಯ ದಿವಸದ ದಿನ ವಿವಾದ ಬೇಡ ಅಂತ ನಾನೇ ತೆಗೆದಿದ್ದೆ. ಇದನ್ನು ಮಾತ್ರ ಮ್ಯಾನೇಜ್‌ಮೆಂಟ್ ತಲೆಗೆ ಕಟ್ಟೋಕೆ ಆಗಲ್ಲ.

ಫೋನ್ ಇಡುವ ಮೊದಲು ಕರ್ನಲ್, “ನಿಮಗೆ ಕರ್ನಾಟಕ ಕನೆಕ್ಟ್ ಬೇಕಿದ್ರೆ ನಮ್ಮ ಅಜ್ಜಮಾಡ ದೇವಯ್ಯನ ಮೇಲೆ ಮಾಡಿ” ಅಂದರು. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್. ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ತಾವೂ ಹೋದರು. ಏನಾಯಿತು ಅಂತ ನಮ್ಮವರಿಗೆ ಗೊತ್ತಾಗೋಕೆ ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಪ್ರಪೋಸಲ್ ಬರೆದು ಕೊಟ್ಟೆ. ‘ವಿಷುವಲ್ಸ್ ಇಲ್ಲ’ ಅಂತ ವಾಪಸ್ ಬಂತು. 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂದಾಗ ವಿಷುವಲ್ಸ್ ಬೇಕಾದಷ್ಟು ಇದ್ದವು, ಆದರೆ ಅದರಲ್ಲಿ ದೇವಯ್ಯ ಟಿ. ಕೃಷ್ಣ ವಿಜಯ ಆಗಿದ್ದರು. ಕೊಡವರು ನಮ್ಮವರ ಗುರುತೇ ಇಲ್ಲವಲ್ಲ ಅಂತ ಬೇಸರ ಮಾಡಿಕೊಂಡರು. ಒಬ್ಬರ ಹೆಸರು ಇಟ್ಟುಕೊಂಡು ಸಾಯಿಸಿದರು, ಇನ್ನೊಬ್ಬರ ಸಾವು ಇಟ್ಟುಕೊಂಡು ಹೆಸರು ಬಿಟ್ಟರು. ಯಾವುದು ವಾಸಿ ಅಂತ ನನಗಂತೂ ಗೊತ್ತಾಗಿಲ್ಲ.

ಆ ಭಾನುವಾರದ ನಂತರ ನನ್ನಲ್ಲಿ ಬದಲಾಗಿದ್ದು ಸಣ್ಣದು. ಯಾವ ಸ್ಕ್ರಿಪ್ಟ್ ಬಂದರೂ, ಸಿನಿಮಾದಿಂದ ತಲೆಗೆ ಬಂದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಸಿ’ ಅಂತ ಬರೆಯುತ್ತೇನೆ. ಮೊದಲ ತಿಂಗಳು ‘ಸಿ’ಗಳನ್ನು ಎಣಿಸಿ ನನಗೇ ನಾಚಿಕೆ ಆಯಿತು. ಗೆಸ್ಟ್‌ಗೆ ಸ್ಕ್ರಿಪ್ಟ್ ಕೊಡುತ್ತೇನೆ. ಡೆಸ್ಕ್‌ನಲ್ಲಿ ಇದಕ್ಕೆ ಈಗಲೂ ಗೊಣಗುತ್ತಾರೆ.

2022ರ ಡಿಸೆಂಬರ್ 19, ಸೋಮವಾರ. ಜೋಧ್‌ಪುರದ ಏಮ್ಸ್‌ನಲ್ಲಿ ಭೈರೋನ್ ಸಿಂಗ್ ರಾಠೋಡ್ ನಿಧನ, 81 ವರ್ಷ ಅಂತ ಸುದ್ದಿಸಂಸ್ಥೆಯ ವೈರ್ ಬಂತು. ನಾನು ಎದ್ದು ಗ್ರಾಫಿಕ್ಸ್ ಕಡೆ ಹೋಗುವಷ್ಟರಲ್ಲಿ ಹೊಸ ಟ್ರೈನಿ ಹುಡುಗ ಖುಷಿಯಾಗಿ ಕೂಗಿದ.

“ಸರ್, ಪ್ಲೇಟ್ ರೆಡಿ ಇದೆ! ಆರ್ಕೈವ್‌ನಲ್ಲಿ ಸಿಕ್ತು. 2018ರಲ್ಲೇ ಯಾರೋ ಮಾಡಿಟ್ಟಿದ್ದಾರೆ. ಎಂಥಾ ಅಡ್ವಾನ್ಸ್ ಪ್ಲಾನಿಂಗ್ ಸರ್!”

ಸ್ಕ್ರೀನ್ ಮೇಲೆ ದೀಪ ಅಲುಗಾಡುತ್ತಿತ್ತು. ಫೈಲ್ ಹೆಸರು ‘ಭೈರೋನ್_ಶ್ರದ್ಧಾಂಜಲಿ_ಫೈನಲ್_2’. ಆ ನೆರಳು ತೆಗಿ, ಫೋಟೋ ಹಾಕು, ದೊಡ್ಡ ಮೀಸೆ ಪೇಟದವರು ಸಿಗ್ತಾರೆ ನೋಡು ಅಂದೆ. ಹಾಗೇ ‘ಹುತಾತ್ಮ’ ಅನ್ನೋದನ್ನೂ ತೆಗಿ.

ಅವನು ಮೌಸ್ ಬಿಟ್ಟು ತಿರುಗಿದ. “ಯಾಕೆ ಸರ್? ಟ್ಯಾಂಕ್ ಮುಂದೆ ಸತ್ತೋಗ್ತಾರಲ್ವಾ?”

ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತೆ.